ಅಜ್ಜಿ ಪಾತ್ರ ಬಂತೆಂದು ಅಳಬೇಡ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿತ್ತು. ಸೀರಿಯಲ್‌ನಲ್ಲಿ ಹೀರೋನ ಅಜ್ಜಿ ಪಾತ್ರ ಕೊಟ್ಟಿದ್ದಾರೆ, ಅವನು ನನಗಿಂತ ಐದೇ ವರ್ಷ ಚಿಕ್ಕವನು ದೊಡ್ಡಮ್ಮ ಅಂದೆ. ಈಗಲೇ ತಲೆಗೆ ಬಿಳಿ ಬಣ್ಣ ಹಚ್ಚಿಕೊಂಡರೆ ಮುಂದೆ ಬೇರೆ ಪಾತ್ರ ಯಾರು ಕೊಡ್ತಾರೆ ಅಂತ ಕೇಳಿದೆ. ನಿನ್ನ ಭಯ ಸುಳ್ಳಲ್ಲ. ಆದರೂ ಒಂದು ಮಾತು ಕೇಳು.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ರವಿಚಂದ್ರನ್ 1961ರಲ್ಲಿ. 1995ರ ‘ಪುಟ್ನಂಜ’ದಲ್ಲಿ ಆಕೆ ಅವರ ಅಜ್ಜಿ, ಪುಟ್ಮಲ್ಲಿ! ಟೀವಿಯಲ್ಲಿ ಆ ಸಿನಿಮಾ ಬಂದಾಗೆಲ್ಲ ನಾನು ಕಾಯುವುದು ಪುಟ್ಮಲ್ಲಿಗೇ.

ಆ ಮುದುಕಿ ಬರೀ ಮೇಕಪ್ಪಿನಿಂದ ಬಂದವಳಲ್ಲ. ನಾಟಕದಲ್ಲಿ ಉಮಾಶ್ರೀ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಆಗಿದ್ದವರು. ಕಳೆದುಹೋದ ಹುಂಜ ಹುಡುಕುವ ಮುದುಕಿ ಸಾಕವ್ವ. ಒಂದು ಹುಂಜ ಹೋದರೆ ಅಂಥ ಮನೆಯಲ್ಲಿ ಏನೆಲ್ಲ ಹೋಗುತ್ತೆ ಅನ್ನೋದು ನಟಿಯ ಹೊಟ್ಟೆಗೆ ಗೊತ್ತಿರಬೇಕು. ಇಲ್ಲದಿದ್ದರೆ ಬೆನ್ನು ಎಷ್ಟು ಬಗ್ಗಿಸಿದರೂ ಸುಮ್ನೆ.

ವಯಸ್ಸಾದವರು ಕೂತಲ್ಲಿಂದ ಏಳುವುದನ್ನು ನೋಡು. ಏಳುವ ಮೊದಲೇ ಕೈ ಮೊಣಕಾಲು ಹುಡುಕುತ್ತೆ. ನಾಟಕದಲ್ಲಾದರೆ ಆ ಕೈ ಕೊನೆ ಸಾಲಿನವರಿಗೂ ಕಾಣಬೇಕು. ಕ್ಯಾಮೆರಾ ಹತ್ತಿರ ಬಂದಾಗ ಕೈ ಬೇಡ, ಏಳುವ ಮುಂಚೆ ಎಳೆದುಕೊಳ್ಳುವ ಉಸಿರು ಸಾಕು.

ಸಿನಿಮಾದಲ್ಲಿ ಉಮಾಶ್ರೀಗೆ ವರ್ಷಗಟ್ಟಲೆ ಜಾಸ್ತಿ ಸಿಕ್ಕಿದ್ದು ಹಾಸ್ಯದ ಪಾತ್ರಗಳೇ. 2008ರಲ್ಲಿ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂತು. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಅಂದರೆ ಪ್ರಾಣ. ಇಡೀ ಚಿತ್ರ ಉಮಾಶ್ರೀ ಹೆಗಲ ಮೇಲೇ ನಿಂತಿತ್ತು, ಐವತ್ತರ ವಯಸ್ಸಿನಲ್ಲಿ. 2021ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಸೀರಿಯಲ್ ಶುರುವಾದಾಗ ಅರವತ್ತು ದಾಟಿತ್ತು. ಅಲ್ಲೂ ಪುಟ್ಟಕ್ಕ ಅವರೇ ಅಲ್ವಾ?

ನಿನಗೆ ಹೇಳದ ಒಂದು ವಿಷಯ ಇದೆ. ಮೂವತ್ತೆರಡರ ವಯಸ್ಸಿನಲ್ಲಿ ನಮ್ಮ ನಾಟಕದ ತಂಡದವರು ನನಗೂ ಒಬ್ಬ ಮುದುಕಿಯ ಪಾತ್ರ ಕೊಟ್ಟಿದ್ದರು. ಮುಖ ಹಾಳಾಗುತ್ತೆ ಅಂತ ಬೇಡ ಅಂದೆ. ಅದನ್ನು ಇನ್ನೊಬ್ಬಳು ಮಾಡಿದಳು. ನಾನು ಸೈಡ್‌ವಿಂಗ್‌ನಲ್ಲಿ ನಿಂತು ನೋಡಿದೆ. ಆ ಮಾತುಗಳು ಇವತ್ತಿಗೂ ನನಗೆ ಬಾಯಿಪಾಠ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹೇಳಿಕೊಳ್ಳುತ್ತೇನೆ.

ಪಾತ್ರ ಒಪ್ಪಿಕೋ. ದಿನಕ್ಕೆ ಎಷ್ಟು ದುಡ್ಡು ಅನ್ನೋದನ್ನು ಮೊದಲೇ ಬರೆಸಿಕೋ, ಸಂಕೋಚ ಬೇಡ. ಶೂಟಿಂಗ್ ಇಲ್ಲದ ದಿನ ನಾಟಕದ ತಾಲೀಮು ತಪ್ಪಿಸಬೇಡ. ಭಾನುವಾರ ಸೀನ್ ಪೇಪರ್ ತಗೊಂಡು ಬಾ. ಅಜ್ಜಿಯ ಮಾತು ನೀನು ಓದು, ಉಳಿದವರದೆಲ್ಲ ನಾನು ಓದುತ್ತೇನೆ.

ನಿನ್ನ
ದೊಡ್ಡಮ್ಮ