ಅಜ್ಜಿಯ ಸತ್ಯವೇದದ ಖಾಲಿ ಹಾಳೆ

ಪ್ರೀತಿಯ ಮಗಳೇ,

ನರ್ಸ್ ಆಗಿದ್ದ ನಿನ್ನ ಅಜ್ಜಿಯ ಬಗ್ಗೆ ನೀನು ಬರೆದು ಕಳಿಸಿದ ಪುಟಗಳನ್ನು ಎರಡು ಸಲ ಓದಿದೆ. ಅವರನ್ನು ನಾನು ನೋಡಿದವಳಲ್ಲ. ಓದಿ ಮುಗಿಸಿದ ಮೇಲೂ ನೋಡಿದ ಹಾಗೆ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೇಸರ ಮಾಡ್ಕೋಬೇಡ. ನಿನಗೆ ಬರೆಯುವ ಕೈ ಇದೆ, ಅಜ್ಜಿಯ ಮೇಲೆ ಪ್ರೀತಿಯೂ ಇದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಕರುಣಾಮಯಿ, ತ್ಯಾಗಮಯಿ, ಪ್ರಾರ್ಥನಾವೀರೆ ಅಂತೆಲ್ಲ ಬರೆದಿದ್ದೀಯ. ಎಲ್ಲ ನಿಜವೇ ಇರಬಹುದು. ಆದರೆ ನಮ್ಮ ಚರ್ಚ್ ಸಭೆಯ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಯಾರದಾದರೂ ಫೋಟೋದ ಕೆಳಗೆ ಇವೇ ಮಾತು ಇರುತ್ತವೆ, ಅಲ್ವಾ? ನಿನ್ನ ಅಜ್ಜಿಯ ಹೆಸರು ತೆಗೆದು ಬೇರೆಯವರ ಹೆಸರು ಹಾಕಿದರೂ ನಡೆಯುತ್ತದೆ.

ನಾನೂ ಒಮ್ಮೆ ಹೀಗೇ ಬರೆದಿದ್ದೆ. ನನ್ನ ದೊಡ್ಡಮ್ಮ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರು ತೀರಿಕೊಂಡ ವರ್ಷ ಒಂದು ಲೇಖನ ಬರೆದೆ. ಅವರ ಜೊತೆ ವಾರ್ಡಿನಲ್ಲಿ ದುಡಿದಿದ್ದ ಆಯಾ ಒಬ್ಬರು ಆಗ ಇನ್ನೂ ಬದುಕಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಪೂರ್ತಿ ಓದಿ ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರು, "ಚೆನ್ನಾಗಿದೆ ಮಗಾ. ಸೂಜಿ ವಿಷಯ ಬರೀಲಿಲ್ವಾ?"

ಯಾವ ಸೂಜಿ?

ಆಗೆಲ್ಲ ಒಂದು ಸಲ ಬಳಸಿ ಬಿಸಾಡುವ ಸಿರಿಂಜ್ ಇರಲಿಲ್ಲ. ಗಾಜಿನದು. ಗಾಯಕ್ಕೆ ಕಟ್ಟುವ ತೆಳು ಬಟ್ಟೆಯಲ್ಲಿ ಸುತ್ತಿ ಕುದಿಸಬೇಕು, ಇಲ್ಲದಿದ್ದರೆ ಒಂದಕ್ಕೊಂದು ತಾಗಿ ಒಡೆಯುತ್ತದೆ. ಸೂಜಿಯನ್ನೂ ಕುದಿಸಿ ಕುದಿಸಿ ಬಳಸಬೇಕು. ದೊಡ್ಡಮ್ಮ ನೈಟ್ ಡ್ಯೂಟಿಯಲ್ಲಿ ಒಂದೊಂದೇ ಸೂಜಿ ತೆಗೆದು ಹತ್ತಿಯ ಮೇಲೆ ಎಳೆದು ನೋಡುತ್ತಿದ್ದರಂತೆ. ಹತ್ತಿಯ ಎಳೆ ಸಿಕ್ಕಿಕೊಂಡರೆ ತುದಿ ಕೊಕ್ಕೆಯಾಗಿದೆ ಅಂತ ಅರ್ಥ. ಅಂಥ ಸೂಜಿ ಒಳಗೆ ಹೋಗುವಾಗಲೂ ನೋವು, ಹೊರಗೆ ಬರುವಾಗ ಇನ್ನೂ ಜಾಸ್ತಿ. ಅದನ್ನು ಸಾಣೆಕಲ್ಲಿಗೆ ಉಜ್ಜಿ, ತೂತಿನೊಳಗೆ ಸಣ್ಣ ತಂತಿ ಹಾಯಿಸಿ, ಮತ್ತೆ ಹತ್ತಿಯ ಮೇಲೆ ಎಳೆಯುವುದು. ಎಳೆ ಸಿಗದೆ ಜಾರುವ ತನಕ ಬಿಡುತ್ತಿರಲಿಲ್ಲ. ಉಜ್ಜುವಾಗ ಸಣ್ಣ ದನಿಯಲ್ಲಿ ಒಂದು ಕೀರ್ತನೆ. "ನಮ್ಮ ವಾರ್ಡಿನ ಮಕ್ಕಳು ಸಿಸ್ಟರಮ್ಮನ ಸೂಜಿ ಅಂದ್ರೆ ಹೆದರ್ತಿರಲಿಲ್ಲ" ಅಂದರು ಆಯಾ.

ನನ್ನ ಲೇಖನದಲ್ಲಿ ಕರುಣೆ ಅನ್ನುವ ಪದ ಎಷ್ಟೋ ಸಲ ಬಂದಿತ್ತು. ಆ ಹತ್ತಿ ಮಾತ್ರ ಒಂದು ಕಡೆಯೂ ಇರಲಿಲ್ಲ. ಮನೆಗೆ ಬಂದು ಪೂರ್ತಿ ಹೊಸದಾಗಿ ಬರೆದೆ. ಆಗ ಒಂದೊಂದೇ ನೆನಪಾಯಿತು. ರಾತ್ರಿ ಬಾಗಿಲು ಹಾಕುವ ಮುಂಚೆ ದೊಡ್ಡಮ್ಮ ಚಾಪೆಯ ಮೇಲೆ ಮಲಗಿದ ನಮ್ಮನ್ನೆಲ್ಲ ಬೆರಳಿಟ್ಟು ಎಣಿಸುತ್ತಿದ್ದರು. ಒಂಬತ್ತು ಮಕ್ಕಳು. ಎರಡು ಸಲ ಎಣಿಸುತ್ತಿದ್ದರು. ಆಪರೇಷನ್ ಮುಗಿದ ಮೇಲೆ, ಹೊಲಿಗೆ ಹಾಕುವ ಮುಂಚೆ, ನರ್ಸ್ ರಕ್ತ ಒರೆಸಿದ ಬಟ್ಟೆಯ ತುಂಡುಗಳನ್ನು ಎಣಿಸಿ ಲೆಕ್ಕ ಒಪ್ಪಿಸಬೇಕು ಅಂತ ನನಗೆ ಆಮೇಲೆ ತಿಳಿಯಿತು. ಅವರ ಮನೆವಾರ್ತೆ, ನರ್ಸ್ ಕೆಲಸ, ಪ್ರಾರ್ಥನೆ ಬೇರೆ ಬೇರೆ ಆಗಿರಲಿಲ್ಲ. ನೀನು ಅಜ್ಜಿಯ ಈ ಮೂರನ್ನೂ ಮೂರು ಅಧ್ಯಾಯ ಮಾಡಿ ಇಟ್ಟಿದ್ದೀಯ. ದಯವಿಟ್ಟು ಒಡೆದು ಹಾಕು.

ಅಜ್ಜಿ ನರ್ಸಿಂಗ್ ತರಬೇತಿಗೆ ಸೇರಿದ್ದು ಐವತ್ತರ ದಶಕದ ಶುರುವಿನಲ್ಲಿ ಅಂತ ಬರೆದು ಸರ್ರನೆ ಮುಂದೆ ಹೋಗಿದ್ದೀಯ. ಅಲ್ಲಿ ಸ್ವಲ್ಪ ನಿಲ್ಲು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬರು. ಯಾಕೆ ಅಷ್ಟು ಕಡಿಮೆ? ರಕ್ತ, ಕೀವು, ಬೆಡ್‌ಪ್ಯಾನ್ ಮುಟ್ಟುವ ಕೆಲಸ. ಗೊತ್ತಿಲ್ಲದ ಗಂಡಸರ ಮೈ ಒರೆಸುವ ಕೆಲಸ. ರಾತ್ರಿ ಮನೆಯ ಹೊರಗೆ ಇರುವ ಕೆಲಸ. ಎಷ್ಟೋ ಮನೆಗಳು ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಕ್ರೈಸ್ತ ಹುಡುಗಿಯರು, ಅವರಲ್ಲೂ ಬಡವರ ಮನೆಯವರು, ಮಿಷನ್ನಿನ ಅನಾಥಾಲಯಗಳಲ್ಲಿ ಬೆಳೆದವರು. ನಿನ್ನ ಅಜ್ಜಿ ಹದಿನೆಂಟಕ್ಕೆ ಟ್ರಂಕ್ ಹಿಡಿದು ಹೊರಟಾಗ ಪಕ್ಕದ ಮನೆಯವರು ಏನಂದರು? ಅವರ ಅಪ್ಪ ಬಸ್ ಸ್ಟ್ಯಾಂಡಿನ ತನಕ ಬಂದರಾ? ಇದು ನನಗೆ ಬೇಕು.

ನಮ್ಮ ಉಡುಪಿಯ ಲೊಂಬಾರ್ಡ್ ಆಸ್ಪತ್ರೆಯನ್ನೇ ನೋಡು. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಶುರುಮಾಡಿದ್ದು. ಅವರ ಹೆಸರು ಉಳಿದಿದೆ, ಉಳಿಯಲೇಬೇಕು. ಆದರೆ ಇಂಥ ಆಸ್ಪತ್ರೆಗಳಲ್ಲೆಲ್ಲ ಹೊರದೇಶದ ಡಾಕ್ಟರ ಪಕ್ಕದಲ್ಲಿ ಇಲ್ಲಿಯದೇ ಒಬ್ಬ ಹುಡುಗಿ ನಿಂತಿರುತ್ತಿದ್ದಳು. ಹೆರಿಗೆ ನೋವಿನಲ್ಲಿ ಕೂಗುವವಳ ಕೈ ಹಿಡಿದು, ಅವಳ ತುಳುವಿನಲ್ಲೋ ಕನ್ನಡದಲ್ಲೋ ಧೈರ್ಯ ಹೇಳಿದವಳು ಆ ಹುಡುಗಿ. ಅವಳ ಹೆಸರು ಎಲ್ಲಿದೆ? ನೀನು ಬರೆಯದಿದ್ದರೆ ಒಂದು ಹೆಸರು ಖಂಡಿತ ಹೋಗುತ್ತದೆ.

ದೊಡ್ಡ ಘಟನೆಗಳ ಆಸೆಗೆ ಬೀಳಬೇಡ. ವೆಲ್ಲೂರಿನ ಮಿಷನ್ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಕಥೆ ನಿನಗೆ ಗೊತ್ತೇ ಇದೆ. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಬಂದು ಹೆಂಡತಿಯ ಹೆರಿಗೆಗೆ ಕರೆದರು. ಐಡಾ ಆಗಿನ್ನೂ ಡಾಕ್ಟರ್ ಅಲ್ಲ. ಅಪ್ಪ ಡಾಕ್ಟರ್, ಆದರೆ ಗಂಡಸು ಬೇಡ ಅಂದರು. ಮೂವರು ತಾಯಂದಿರೂ ತೀರಿಕೊಂಡರು. ಆ ರಾತ್ರಿಯನ್ನು ಎಲ್ಲರೂ ಬರೆಯುತ್ತಾರೆ. ನನ್ನನ್ನು ಹಿಡಿಯುವುದು ಆಮೇಲಿನ ವರ್ಷಗಳು. ಡಾಕ್ಟರ್ ಓದಿ 1900ರಲ್ಲಿ ವಾಪಸ್ ಬಂದರು, 1902ರಲ್ಲಿ ಆಸ್ಪತ್ರೆ ತೆರೆದರು, 1909ರಲ್ಲಿ ನರ್ಸಿಂಗ್ ಶಾಲೆ. ಹೆಣ್ಣುಮಕ್ಕಳ ಮೆಡಿಕಲ್ ಶಾಲೆ ಬಂದದ್ದು 1918ರಲ್ಲಿ. ಮೊದಲು ನರ್ಸ್‌ಗಳು, ಆಮೇಲೆ ಡಾಕ್ಟರುಗಳು. ಯಾಕೆ ಅಂತ ಯೋಚಿಸು. ದೇವರ ಕರೆ ಒಂದು ರಾತ್ರಿಯಲ್ಲಿ ಬಂದಿರಬಹುದು, ಅದಕ್ಕೆ ಉತ್ತರ ಕೊಡಲು ವರ್ಷಗಟ್ಟಲೆ ಬೇಕಾಯಿತು. ನಿನ್ನ ಅಜ್ಜಿಯ ಕನಸಿನಲ್ಲಿ ಬಂದ ದನಿಗೆ ಮೂರು ಪುಟ ಕೊಟ್ಟಿದ್ದೀಯ. ಮೂವತ್ತೆರಡು ವರ್ಷದ ಡ್ಯೂಟಿಗೆ ಒಂದೇ ಪುಟ.

ಇನ್ನು ಸುವಾರ್ತೆಯ ವಿಷಯ. ಇಲ್ಲಿ ನೀನು ಅಳುಕಿದ್ದೀಯ. ಅಜ್ಜಿ ಶನಿವಾರ ಔಷಧಿ ಪೆಟ್ಟಿಗೆ ಹಿಡಿದು ಹಳ್ಳಿಗೆ ಹೋಗುತ್ತಿದ್ದರು, ಹಾಡುತ್ತಿದ್ದರು, ಯೇಸುವಿನ ಕಥೆ ಹೇಳುತ್ತಿದ್ದರು. ಇದನ್ನೆಲ್ಲ ಎರಡು ಸಾಲಿನಲ್ಲಿ ಮುಗಿಸಿ 'ಸಮಾಜ ಸೇವೆ' ಅಂದುಬಿಟ್ಟಿದ್ದೀಯ. ಓದುವವರು ಏನಂದುಕೊಳ್ಳುತ್ತಾರೋ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ 'ಸಾಕ್ಷಿ ಹೇಳೋಕೆ ಹೋಗ್ತೀನಿ' ಅಂತಿದ್ದರು ಅಂತ ನೀನೇ ಫೋನಿನಲ್ಲಿ ಹೇಳಿದೆ. ಅವರ ಮಾತನ್ನೇ ಇಡು. ಅವರು ನಂಬಿದ್ದನ್ನು ಮುಚ್ಚಿಟ್ಟರೆ ಅವರನ್ನೇ ಮುಚ್ಚಿಟ್ಟ ಹಾಗೆ.

ಹಾಗಂತ ಕರಪತ್ರ ಬರೆಯಬೇಡ. ಕೇಳಿದವರೆಲ್ಲ ಕಣ್ಣೀರಿಟ್ಟರು ಅನ್ನುವುದು ಬೇಡ. ಕೆಲವರು ಗಾಯಕ್ಕೆ ಮುಲಾಮು ಹಚ್ಚಿಸಿಕೊಂಡು, ಹಾಡು ಶುರುವಾಗುತ್ತಲೇ ಎದ್ದು ಹೋಗಿರುತ್ತಾರೆ. ಮುಂದಿನ ಶನಿವಾರ ಅವರ ಗಾಯದ ಪಟ್ಟಿಯನ್ನೂ ಅಜ್ಜಿ ಬದಲಿಸಿದರಾ? ಹೌದಾದರೆ ಅದನ್ನು ಬರೆ. ಆ ಹಳ್ಳಿಗೆ ಹೋಗು. ಸಭೆಗೆ ಸೇರಿದವರನ್ನು ಕೇಳು, ಸೇರದವರನ್ನೂ ಕೇಳು. ಸೇರದವರ ನೆನಪು ನಿನಗೆ ಹೆಚ್ಚು ಬೇಕಾಗಬಹುದು.

ಒಂದು ಸಾಲು ಹೊಡೆದು ಹಾಕಿದ್ದೀಯ. ಶಾಯಿಯ ಕೆಳಗೂ ಓದಲು ಬಂತು: 'ಅಮ್ಮ ನಮಗಿಂತ ಆಸ್ಪತ್ರೆಗೇ ಜಾಸ್ತಿ ಸೇರಿದವಳು.' ನಿನ್ನ ತಾಯಿ ಹೇಳಿದ್ದು, ಅಲ್ವಾ? ಬೇಡ ಅಂದದ್ದೂ ಅವರೇ ಇರಬೇಕು. ಅವರ ಒಪ್ಪಿಗೆ ಇಲ್ಲದೆ ಅದನ್ನು ಅಚ್ಚಿಗೆ ಕೊಡಬೇಡ. ಆದರೆ ಕೇಳುವುದನ್ನು ನಿಲ್ಲಿಸಬೇಡ. ಅಡುಗೆಮನೆಯಲ್ಲಿ ಅವರ ಜೊತೆ ಕೂತು ತೆಂಗಿನಕಾಯಿ ತುರಿಯುತ್ತಾ ಕೇಳು. ನೈಟ್ ಡ್ಯೂಟಿ ದಿನ ಊಟ ಹಾಕುತ್ತಿದ್ದವರು ಯಾರು? ಜ್ವರ ಬಂದಾಗ? ಊರಿನ ಮಕ್ಕಳನ್ನೆಲ್ಲ ನೋಡಿಕೊಂಡ ತಾಯಿಯ ಮಗಳಾಗಿ ಬೆಳೆದವರು ಅವರು. ಆ ನೋವು ಬಂದರೆ ಅಜ್ಜಿ ಸಣ್ಣವರಾಗುವುದಿಲ್ಲ. ಅವರ ಸೇವೆಗೆ ಯಾರು ಯಾರು ಬೆಲೆ ತೆತ್ತರು ಅಂತ ಗೊತ್ತಾಗುತ್ತದೆ.

ಹಳೆಯ ಕಾಗದಗಳನ್ನು ಹುಡುಕು. ತರಬೇತಿಯಲ್ಲಿ ಹೆರಿಗೆಗಳನ್ನು ಬರೆದಿಟ್ಟ ಕೇಸ್ ಬುಕ್, ನರ್ಸಿಂಗ್ ಕೌನ್ಸಿಲ್ಲಿನ ಸರ್ಟಿಫಿಕೇಟ್, ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್. 'ಸಾವಿರಾರು ಹೆರಿಗೆ' ಅನ್ನುವ ಮಾತು ಅಲ್ಲಿಯ ತನಕ ತೆಗೆದಿಡು.

ಇಷ್ಟೆಲ್ಲ ಬರೆದರೂ ನನ್ನ ಮನಸ್ಸು ಇರುವುದು ನೀನು ಹದಿನಾಲ್ಕನೇ ಪುಟದಲ್ಲಿ ಸುಮ್ನೆ ಹೇಳಿ ಬಿಟ್ಟ ಒಂದು ವಿಷಯದ ಮೇಲೆ. ಅಜ್ಜಿಯ ಸತ್ಯವೇದದ ಕೊನೆಯ ಖಾಲಿ ಹಾಳೆಯಲ್ಲಿ ಮಕ್ಕಳು, ಮೊಮ್ಮಕ್ಕಳ ಹೆಸರು, ಹುಟ್ಟಿದ ದಿನ. ಅವುಗಳ ಕೆಳಗೆ ನಿಮ್ಮ ಮನೆಯವರಲ್ಲದ ಹನ್ನೊಂದು ಹೆಸರು, ಪೆನ್ಸಿಲಿನಲ್ಲಿ. ಯಾರು ಅಂತ ನಿನ್ನ ತಾಯಿಗೂ ಗೊತ್ತಿಲ್ಲ ಅಂದಿದ್ದೀಯ.

ಅಲ್ಲಿಂದ ಶುರುಮಾಡು. ಮುಂದಿನ ತಿಂಗಳು ಊರಿಗೆ ಬರುವಾಗ ಆ ಸತ್ಯವೇದ ತಗೊಂಡು ಬಾ. ಬಟ್ಟೆಯಲ್ಲಿ ಸುತ್ತಿ ತಾ, ಹಳೆಯ ಬೈಂಡು ಬಿಟ್ಟುಕೊಳ್ಳುತ್ತದೆ. ನಾನು ಕನ್ನಡಕ ಬದಲಿಸಿದ್ದೇನೆ. ಪೆನ್ಸಿಲ್ ಅಕ್ಷರವೂ ಈಗ ಕಾಣುತ್ತದೆ.

ಪ್ರೀತಿಯಿಂದ,
ನಿನ್ನ ಆಂಟಿ