ಹೆಸರು ಹೇಳಿದ ಅತ್ತೆಗೆ, ಜೊತೆಗೆ ನಿಂತ ಎಲ್ಲರಿಗೆ

ಕಳೆದ ಭಾನುವಾರ ವರ್ತೂರು ಕೆರೆ ಕಡೆಯ ನಮ್ಮ ಊರಿನ ಅಶ್ವತ್ಥಕಟ್ಟೆಯ ಸುತ್ತ ಅಪ್ಪನ ಟ್ರಂಕಿನ ಫೋಟೋಗಳನ್ನು ತೂಗುಹಾಕಿದೆವು. ಹೆಚ್ಚಿನವುಗಳ ಕೆಳಗೆ ಈಗ ಹೆಸರಿದೆ. ಅಪಾರ್ಟ್‌ಮೆಂಟುಗಳ ನಡುವೆ ಊರೆಂದು ಉಳಿದಿರುವುದು ಆ ಕಟ್ಟೆ, ನಾಗರಕಲ್ಲುಗಳು ಮತ್ತು ನಾಲ್ಕು ಬೀದಿ. ಅಂದು ಅಲ್ಲಿ ತಮ್ಮ ಅಜ್ಜನ ಮುಖವನ್ನು ಮೊದಲ ಬಾರಿ ಕಂಡವರಿದ್ದರು. ಇದಕ್ಕೆ ಕಾರಣರಾದವರಿಗೆ ಎಲ್ಲರೆದುರು ಕೈಮುಗಿಯಬೇಕು.

2022ರ ಸೆಪ್ಟೆಂಬರ್ ಮಳೆಗೆ ಮನೆಯೊಳಗೆ ನೀರು ನುಗ್ಗಿದ ಕಥೆ ನಿಮಗೆಲ್ಲ ಗೊತ್ತು. ಆ ರಾತ್ರಿ ಟ್ರಂಕು ತೆರೆದಾಗ ಫೋಟೋಗಳು ನೆನೆದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿದ್ದವು. ಸ್ಟುಡಿಯೋ ಇಟ್ಟಿದ್ದ ಗೆಳೆಯರು ಫೋನಿನಲ್ಲೇ ತಡೆದರು: "ಒಣಗಿಸಬೇಡಿ, ಒಣಗಿದರೆ ಬಿಡಿಸಲು ಆಗುವುದಿಲ್ಲ. ತಣ್ಣನೆಯ ಶುದ್ಧ ನೀರಿನಲ್ಲಿ ಹಾಕಿ, ತಾವಾಗಿ ಸಡಿಲವಾಗುವವರೆಗೆ ಕಾಯಿರಿ."

ಕಾಯಲು ನನ್ನ ಜೊತೆ ಕುಳಿತವರು ನನ್ನ ಸೋದರತ್ತೆ. ಆಗ ಅವರಿಗೆ 82 ವರ್ಷ. ಕರೆಂಟ್ ಇರಲಿಲ್ಲ. ಹಾಲಿನ ಕೆನೆ ಎತ್ತುವಂತೆ ಬೆರಳು ತೂರಿಸಿ ಒಂದೊಂದನ್ನೇ ಬಿಡಿಸಿ, ಮೊಬೈಲ್ ಬೆಳಕಿಗೆ ಹಿಡಿದು ಹೆಸರು ಹೇಳುತ್ತಿದ್ದರು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮುಖ ಮಸುಕಾಗಿದ್ದರೆ ಮೂಗುತಿ ನೋಡುತ್ತಿದ್ದರು, ನಿಂತ ಭಂಗಿ ನೋಡುತ್ತಿದ್ದರು. ನಾವು ಗಿರಣಿ ಎಂದುಕೊಂಡಿದ್ದ ಕಟ್ಟಡದ ಗೋಡೆಗೆ ಒರಗಿಸಿದ್ದ ಚಂದ್ರಿಕೆ, ಅಂದರೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಕಂಡೊಡನೆ, "ಇದು ಹುಳು ಸಾಕುತ್ತಿದ್ದ ಮನೆ" ಎಂದರು. ರೇಷ್ಮೆಯ ಕಾಲವನ್ನು ನಾನು ಮರೆತೇಬಿಟ್ಟಿದ್ದೆ.

ಬೆಳಗಿನ ಜಾವ ನನ್ನ ಅವಸರಕ್ಕೆ ಒಂದು ಫೋಟೋದ ಚಿತ್ರದ ಪದರವೇ ಕಳಚಿ ನೀರು ಪಾಲಾಯಿತು. ಅಮ್ಮನದೆಂದು ನಮ್ಮಲ್ಲಿದ್ದದ್ದು ಅದೊಂದೇ. ನಾನು ಅತ್ತುಬಿಟ್ಟೆ. ಅತ್ತೆ ಆ ಬಿಳಿ ಕಾಗದವನ್ನು ಅಂಗೈ ಮೇಲೆ ಹರವಿ ಬೆರಳಿಟ್ಟು ತೋರಿಸಿದರು: "ಇಲ್ಲಿ ಅತ್ತಿಗೆ ನಿಂತಿದ್ದರು. ಕಂಕುಳಲ್ಲಿ ನೀನಿದ್ದೆ. ಪಕ್ಕದಲ್ಲಿ ಕೊಡ ಹಿಡಿದವಳು ನಾನು. ಬರೆದುಕೋ." ಬರೆದುಕೊಂಡೆ. ಅಮ್ಮ ಉಟ್ಟಿದ್ದದ್ದು ಹಸಿರು ಸೀರೆ ಎಂದೂ ಹೇಳಿದರು. ಕಪ್ಪು ಬಿಳುಪಿನ ಆ ಫೋಟೋದಲ್ಲಿ ಆ ಹಸಿರು ಎಂದೂ ಇರಲಿಲ್ಲ.

ಶಾಲೆಯ ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಎಂದಿರುವುದನ್ನು ಭೂತಗನ್ನಡಿಯಲ್ಲಿ ಓದಿ, ಅದು 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬರುವುದಕ್ಕೆ ಮೊದಲೇ ಬರೆಸಿದ ಬೋರ್ಡೆಂದು ತಿಳಿಸಿದ ಮೇಷ್ಟ್ರಿಗೆ, ನಾಗರಕಲ್ಲುಗಳ ಸಾಲನ್ನು ಹೋಲಿಸಿ ಹಳೆಯ ಚಾವಡಿಯ ಜಾಗ ಗುರುತಿಸಿದ ಪೂಜಾರರಿಗೆ, ಸ್ಕ್ಯಾನ್ ಮಾಡಿದ ಹುಡುಗರಿಗೆ, ಶಾಮಿಯಾನ ಹಾಕಿಸಿಕೊಟ್ಟವರಿಗೆ ನಾನು ಋಣಿ.

ಸಾಲಿನ ಕೊನೆಯಲ್ಲಿ ಆ ಬಿಳಿ ಕಾಗದವನ್ನೂ ತೂಗುಹಾಕಿದ್ದೇವೆ, ಕೆಳಗೆ ಅತ್ತೆಯ ಮಾತನ್ನು ಹಾಗೆಯೇ ಬರೆದು. ಒಂಬತ್ತು ಫೋಟೋಗಳಲ್ಲಿ ಇನ್ನೂ ಗುರುತು ಸಿಗದವರಿದ್ದಾರೆ. ಬರುವ ಭಾನುವಾರ ಮಧ್ಯಾಹ್ನದವರೆಗೆ ಅತ್ತೆ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ. ಕಣ್ಣು ಮಂಜಾಗಿದ್ದರೂ ಪರವಾಗಿಲ್ಲ, ಮೇಷ್ಟ್ರು ಭೂತಗನ್ನಡಿ ಬಿಟ್ಟುಹೋಗಿದ್ದಾರೆ.