ದನಿ ಪರೀಕ್ಷೆ ಬೇಡ ಪುಟ್ಟಿ

ತಿಪಟೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ತುಮಕೂರಿನಲ್ಲಿ ಹಾಡಿನ ತಂಡ ಶುರು ಮಾಡಿದ್ದೀಯ ಅಂತ ಕೇಳಿ ತುಂಬಾ ಖುಷಿ ಆಯಿತು. ಸಿನಿಮಾ ಹಾಡು, ಭಾವಗೀತೆ, ಯಾರು ಬೇಕಾದರೂ ಬನ್ನಿ ಅಂತ ವಾಟ್ಸಾಪಿನಲ್ಲಿ ಹಾಕಿದ್ದಕ್ಕೆ ಮೂವತ್ತಕ್ಕೂ ಜಾಸ್ತಿ ಜನ ಬಂದರಂತೆ. ಈಗ ದನಿ ಪರೀಕ್ಷೆ ಇಟ್ಟು ಸ್ವಲ್ಪ ಜನರನ್ನು ಕಳಿಸಿಬಿಡಲಾ ಅಂತ ಕೇಳಿದ್ದೀಯ. ಬೇಡ ಕಣಮ್ಮ. ಅವರಲ್ಲಿ ಎಷ್ಟೋ ಜನಕ್ಕೆ ಚಿಕ್ಕವರಿದ್ದಾಗ ಯಾರೋ ‘ನೀನು ಸುಮ್ನೆ ಬಾಯಿ ಆಡಿಸು, ಹಾಡಬೇಡ’ ಅಂದಿರುತ್ತಾರೆ. ಇಷ್ಟು ವರ್ಷ ಆದ ಮೇಲೆ ಧೈರ್ಯ ಮಾಡಿ ಬಂದಿದ್ದಾರೆ. ಅದೇ ಮಾತು ನಿನ್ನ ಬಾಯಿಂದಲೂ ಬರಬಾರದು.

ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳಾಗಿ ಹೇಳುತ್ತೇನೆ. ಶ್ರುತಿ ಸೇರುವುದಿಲ್ಲ ಅಂತ ನಾವು ಅಂದುಕೊಳ್ಳುವವರಲ್ಲಿ ಬಹಳ ಜನರ ಕಿವಿ ಚೆನ್ನಾಗೇ ಇರುತ್ತದೆ. ಹಾಡು ಅವರ ದನಿಗೆ ಎತ್ತರವಾಗಿರುತ್ತದೆ, ಅಷ್ಟೆ. ಸಿನಿಮಾ ಹಾಡನ್ನು ಒಬ್ಬ ನುರಿತ ಗಾಯಕನ ದನಿಗೆ ಹೊಂದಿಸಿ ಮಾಡಿರುತ್ತಾರೆ. ಅದನ್ನು ಅದೇ ಶ್ರುತಿಯಲ್ಲಿ ಎಲ್ಲರೂ ಹಾಡಲು ಹೋದರೆ ಚರಣದ ಮೇಲಿನ ಸ್ವರ ಬಂದಾಗ ಕೆಲವರು ಕಿರುಚುತ್ತಾರೆ, ಉಳಿದವರು ಬಾಯಿ ಮುಚ್ಚುತ್ತಾರೆ. ಹಾಡು ಆರಿಸಿದ ಕೂಡಲೇ ಕೀಬೋರ್ಡಿನ ಮುಂದೆ ಕೂತು, ಅದರಲ್ಲಿ ಅತಿ ಮೇಲಿನ ಸ್ವರ ಯಾವುದು, ಅತಿ ಕೆಳಗಿನದು ಯಾವುದು ಅಂತ ನೋಡು. ಕಲಿಯದ ಹೆಂಗಸರ ದನಿಗೆ ಕೀಬೋರ್ಡಿನ ನಡುವಿನ ‘ಸಿ’ಯ ಕೆಳಗಿರುವ ‘ಎ’ಯಿಂದ ಮೇಲಿನ ‘ಸಿ’ ತನಕ ಆರಾಮ. ಗಂಡಸರಿಗೂ ಹೆಚ್ಚುಕಮ್ಮಿ ಅಷ್ಟೇ, ಆದರೆ ಒಂದು ಸ್ಥಾಯಿ ಕೆಳಗೆ. ಹಾಡು ಇದರೊಳಗೆ ಕೂರದಿದ್ದರೆ ಶ್ರುತಿ ಇಳಿಸು. ಕರೋಕೆ ಟ್ರ್ಯಾಕ್ ಹಾಕುವುದಾದರೆ ಅದರ ಶ್ರುತಿಯನ್ನೂ ಫೋನಿನಲ್ಲೇ ಮೊದಲು ಬದಲಾಯಿಸಿಕೋ.

ವಾದ್ಯ ಇಲ್ಲದೆ ಹಾಡಿಸಿದಾಗ ಇನ್ನೊಂದು ತೊಂದರೆ ಬರುತ್ತದೆ. ಹಾಡು ಮುಗಿಯುವ ಹೊತ್ತಿಗೆ ಎಲ್ಲರೂ ಸೇರಿ ಶ್ರುತಿಯಿಂದ ಕೆಳಗೆ ಜಾರಿರುತ್ತಾರೆ, ಯಾರಿಗೂ ಗೊತ್ತೇ ಆಗಿರುವುದಿಲ್ಲ. ಉಸಿರು ಸಾಲದಿದ್ದಾಗ, ಸುಸ್ತಾದಾಗ, ಕುರ್ಚಿಗೆ ಒರಗಿ ಕೂತಾಗ ಇದು ಜಾಸ್ತಿ. ಪ್ರತಿ ಚರಣದ ಕೊನೆಗೆ ಕೀಬೋರ್ಡಿನಲ್ಲಿ ಷಡ್ಜ, ಅಂದರೆ ‘ಸ’, ಒತ್ತಿ ಕೇಳಿಸು. ಬೈಯಬೇಡ. ಎದ್ದು ನಿಲ್ಲಿಸು, ಅರ್ಧ ಸರಿಹೋಗುತ್ತದೆ.

ಬೇರೆ ಬೇರೆ ದನಿ ಸೇರಿಸಿ ಹಾಡಿಸುವ ಆಸೆ ನಿನಗಿದೆ, ನನಗೆ ಗೊತ್ತು. ನಮ್ಮ ಕಡೆ ಭಜನೆ ಇರಲಿ, ಸೋಬಾನೆ ಇರಲಿ, ಎಲ್ಲರೂ ಒಂದೇ ಧಾಟಿ ಹಾಡುವುದೇ ರೂಢಿ. ಅದಕ್ಕೆ ಒಂದೊಂದೇ ಹೆಜ್ಜೆ ಇಡು. ಮೊದಲು ಗಂಡಸರು ‘ಸ’ ಹಿಡಿದು ನಿಲ್ಲಲಿ, ಹೆಂಗಸರು ಅದರ ಮೇಲೆ ಹಾಡಲಿ. ಆಮೇಲೆ ಒಂದು ಗುಂಪು ಶುರು ಮಾಡಿದ ನಾಲ್ಕು ಮಾತ್ರೆ, ಅಂದರೆ ತಾಳದ ನಾಲ್ಕು ಎಣಿಕೆ, ಬಿಟ್ಟು ಇನ್ನೊಂದು ಗುಂಪು ಅದೇ ಸಾಲು ಎತ್ತಿಕೊಳ್ಳಲಿ. ಎಲ್ಲ ಹಾಡೂ ಇದಕ್ಕೆ ಒಗ್ಗುವುದಿಲ್ಲ, ಹಾಡಿಸಿ ನೋಡಿ ಆರಿಸಬೇಕು. ಕಿವಿ ಪಳಗಿದ ಮೇಲೆ ಎರಡನೇ ಧಾಟಿ ಬರೆ. ಸ್ವರಲಿಪಿ ಓದಲು ಬರುವವರು ನಿನ್ನ ತಂಡದಲ್ಲಿ ಇಬ್ಬರೋ ಮೂವರೋ ಇರಬಹುದು. ಪ್ರತಿ ಗುಂಪಿನ ಧಾಟಿಯನ್ನು ನಿನ್ನ ದನಿಯಲ್ಲೇ ಬೇರೆ ಬೇರೆ ರೆಕಾರ್ಡ್ ಮಾಡಿ ಕಳಿಸು. ಅಡುಗೆ ಮಾಡುತ್ತಾ, ರೈಲಿನಲ್ಲಿ ಕೂತು ಕೇಳಿ ಕಲಿಯುತ್ತಾರೆ.

ರೈಲು ಅಂದಾಗ ನೆನಪಾಯಿತು. ನಿನ್ನ ತಂಡದ ಎಷ್ಟೋ ಜನ ದಿನಾ ಬೆಂಗಳೂರಿಗೆ ಹೋಗಿ ಬರುವವರು. ಸಂಜೆ ಏಳೂವರೆಗೆ ಪ್ರಾಕ್ಟೀಸ್ ಇಟ್ಟರೆ ಸ್ಟೇಷನ್ನಿನಿಂದ ಹಸಿದುಕೊಂಡು ಓಡಿ ಬರುತ್ತಾರೆ, ಇಲ್ಲಾ ಬರುವುದೇ ಇಲ್ಲ. ಭಾನುವಾರ ನಾಲ್ಕರಿಂದ ಆರು ಸಾಕು. ಹೇಳಿದ ಹೊತ್ತಿಗೆ ಶುರು ಮಾಡು, ಹೇಳಿದ ಹೊತ್ತಿಗೆ ಬಿಡು. ಆರು ಗಂಟೆ ಅಂದರೆ ಆರು ಗಂಟೆ. ಮನೆಯಲ್ಲಿ ರಾತ್ರಿ ಅಡುಗೆ ಮಾಡಬೇಕಾದ ಹೆಂಗಸರು ಗಡಿಯಾರ ನೋಡುತ್ತಾ ಹಾಡುವ ಹಾಗೆ ಮಾಡಬೇಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಹಾಡಿನ ತಂಡ ಒಡೆಯುವುದು ಚೆನ್ನಾಗಿ ಹಾಡುವವರ ವಿಷಯಕ್ಕೇ. ಇಲ್ಲಿನ ಒಂದು ಭಜನಾ ಮಂಡಳಿಯಲ್ಲಿ ಕಣ್ಣಾರೆ ನೋಡಿದೆ. ಪಲ್ಲವಿ ಒಬ್ಬರೇ ಎತ್ತಿಕೊಂಡರು. ಮೈಕು ಅವರ ಮುಂದೆ ಹೋಯಿತು. ಮುಂದಿನ ಹಬ್ಬಕ್ಕೆ ಚರಣವೂ ಅವರದೇ ಆಯಿತು. ಹಿಂದೆ ಕೂತವರು ಒಂದು ಮಾತೂ ಆಡಲಿಲ್ಲ. ಮಗಳ ಪರೀಕ್ಷೆ, ಮೊಣಕಾಲು ನೋವು ಅಂತ ಹೇಳಿ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ನೀನು ಇದನ್ನು ಮೊದಲ ತಿಂಗಳಲ್ಲೇ ಬಿಗಿ ಮಾಡು. ಒಂಟಿಯಾಗಿ ಹಾಡುವುದು ಎರಡು ಸಾಲಿಗಿಂತ ಜಾಸ್ತಿ ಇರಬಾರದು. ಪ್ರತಿ ಹಾಡಿಗೂ ಜನ ಬದಲಾಗಬೇಕು. ಯಾರಿಗೆ ಯಾವುದು ಅಂತ ಎಲ್ಲರ ಎದುರಿಗೇ ಹೇಳು, ಫೋನಿನಲ್ಲಿ ಗುಟ್ಟಾಗಿ ಹೇಳಬೇಡ. ಚೆನ್ನಾಗಿ ಹಾಡುವವರಿಗೆ ಬೇರೆ ಕೆಲಸ ಕೊಡು. ಹೊಸಬರ ಬೆನ್ನ ಹಿಂದೆ ಅವರನ್ನು ನಿಲ್ಲಿಸು. ಹಿಂದಿನಿಂದ ಸರಿಯಾದ ಸ್ವರ ಕಿವಿಗೆ ಬಿದ್ದರೆ ಮುಂದಿನವರು ತಾವಾಗಿಯೇ ಸೇರಿಕೊಳ್ಳುತ್ತಾರೆ. ಒಳ್ಳೆ ದನಿಯವರಿಗೆ ಇದು ದೊಡ್ಡ ಜವಾಬ್ದಾರಿ ಅಂತ ನೀನು ಮನಸ್ಸಿಟ್ಟು ಹೇಳಿದರೆ ಅವರಿಗೂ ಬೇಜಾರಾಗುವುದಿಲ್ಲ.

ವೇದಿಕೆ ವಿಷಯ. ನವೆಂಬರ್ ಬಂತು ಅಂದರೆ ಗಲ್ಲಿಗೊಂದು ರಾಜ್ಯೋತ್ಸವ. ಎಲ್ಲರೂ ಕರೆಯುತ್ತಾರೆ. ಎರಡು ಒಪ್ಪಿಕೋ, ಉಳಿದದ್ದಕ್ಕೆ ಕೈ ಮುಗಿ. ಭಾಷಣಕ್ಕೆ ಮುಂಚೆಯೇ ಹಾಡುತ್ತೇವೆ ಅಂತ ಮೊದಲೇ ಮಾತಾಡಿಕೋ. ಇಲ್ಲದಿದ್ದರೆ ಮುಖ್ಯ ಅತಿಥಿಗಳು ಮಾತು ಮುಗಿಸುವ ಹೊತ್ತಿಗೆ ಒಂಬತ್ತೂವರೆ, ಎದುರಿಗೆ ಖಾಲಿ ಕುರ್ಚಿ. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಅನುಮತಿಯೂ ಇರುವುದಿಲ್ಲ. ನಾಡಗೀತೆಗೆ ನಿಮ್ಮನ್ನೇ ನಿಲ್ಲಿಸುತ್ತಾರೆ, ಚೆನ್ನಾಗಿ ಕಲಿಸಿಟ್ಟಿರು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಮಾಡಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿದೆ. ಬೇರೆ ಧಾಟಿ ಕೇಳಿ ಬೆಳೆದವರು ನಿನ್ನ ತಂಡದಲ್ಲೂ ಇರುತ್ತಾರೆ. ಗಡಿಯಾರ ಇಟ್ಟುಕೊಂಡೇ ಹಾಡಿಸು.

ಸೌಂಡಿನವರ ಹತ್ತಿರ ಮೊದಲೇ ಹೋಗಿ ಮಾತಾಡು. ಅವರು ಕೈಯಲ್ಲಿ ಹಿಡಿಯುವ ನಾಲ್ಕು ಮೈಕು ತಂದು ಎಕೋ ಏರಿಸಿ ಕೊಡುತ್ತಾರೆ. ಮೈಕು ಯಾರ ಕೈಗೆ ಸಿಕ್ಕಿತೋ ಅವರ ದನಿಯೊಂದೇ ಕೇಳುತ್ತದೆ. ಎಕೋ ತೆಗೆಸು. ಮೈಕನ್ನು ಸ್ಟ್ಯಾಂಡಿಗೆ ಹಾಕಿಸಿ, ಮುಂದಿನ ಸಾಲಿನಿಂದ ಎರಡು ಮೂರು ಅಡಿ ದೂರ ಇಡಿಸು. ಸಾಲಿಗೂ ಮೈಕಿಗೂ ಎಷ್ಟು ದೂರ ಇದೆಯೋ ಅದರ ಮೂರರಷ್ಟು ದೂರ ಒಂದು ಮೈಕಿಗೂ ಇನ್ನೊಂದಕ್ಕೂ ಇರಲಿ. ಹತ್ತಿರ ಇಟ್ಟರೆ ಒಂದೇ ದನಿ ಎರಡರಲ್ಲೂ ಹೋಗಿ ಕಲಸಿದ ಹಾಗೆ ಕೇಳುತ್ತದೆ.

ಪ್ರಾಕ್ಟೀಸಿನಲ್ಲಿ ಮಾತ್ರ ಮೈಕು ಮುಟ್ಟಬೇಡ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದಾಗ ಮೈಕು ಎಲ್ಲಿತ್ತು? ಕೊನೆ ಸಾಲಿನವರಿಗೂ ಮಾತು ಬಿಡಿಬಿಡಿಯಾಗಿ ಕೇಳಬೇಕಿತ್ತು. ನೀನೂ ಒಬ್ಬರನ್ನು ಸಭಾಂಗಣದ ಕೊನೆಯಲ್ಲಿ ಕೂರಿಸಿ, ಯಾವ ಪದ ಕೇಳಲಿಲ್ಲ ಅಂತ ಬರೆದುಕೊಳ್ಳಲು ಹೇಳು. ನಮ್ಮ ಕನ್ನಡದ ಸಾಲುಗಳು ಸಾಮಾನ್ಯವಾಗಿ ಅ, ಇ, ಉ ಥರದ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ಒಬ್ಬರು ಎಳೆಯುತ್ತಾರೆ, ಇನ್ನೊಬ್ಬರು ಬೇಗ ಬಿಡುತ್ತಾರೆ. ಎಷ್ಟನೇ ಮಾತ್ರೆಗೆ ಬಿಡಬೇಕು ಅಂತ ಗೊತ್ತುಮಾಡಿ ಕೈಯಲ್ಲಿ ತೋರಿಸು. ಇದೊಂದು ಸರಿಯಾದರೆ ತಂಡ ಒಂದೇ ಸಲಕ್ಕೆ ಬೇರೆ ಥರ ಕೇಳುತ್ತದೆ.

ವರ್ಷದ ಕೊನೆಗೆ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡುವ ಮಾತು ಬರೆದಿದ್ದೀಯ. ಹವ್ಯಾಸಿ ತಂಡ ಪುಕ್ಕಟೆ ಹಾಡಿದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಹಾಡಿನ ಹಕ್ಕು ಇರುವವರಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು. ಐಪಿಆರ್‌ಎಸ್ ಅಂತ ಸಂಸ್ಥೆ ಇದೆ, ಅಲ್ಲಿ ವಿಚಾರಿಸು. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವುದು ಬೇರೆಯೇ ವಿಷಯ, ಅದನ್ನೂ ಕೇಳಿಕೋ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಸೇರಬೇಕಾದ್ದು ಸೇರಲಿ. ನನ್ನ ಕೇಳಿದರೆ ಮೊದಲ ವರ್ಷ ಟಿಕೆಟ್ಟೇ ಬೇಡ. ಸಭಾಂಗಣದ ಬಾಡಿಗೆಗೆ ಎಲ್ಲರೂ ಇಷ್ಟಿಷ್ಟು ಹಾಕಿ, ಮನೆಯವರನ್ನೆಲ್ಲ ಕರೆಯಿರಿ.

ಹಾಡಿನ ಪಟ್ಟಿ ಕಳಿಸು. ಶ್ರುತಿ ಎಷ್ಟಕ್ಕೆ ಇಳಿಸಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ